ಇಸಿಯು ಪಿಡಬ್ಲ್ಯೂಎಂನಿಂದ 0–5 ವೋಲ್ಟ್: ಮುಳ್ಳು ನಡುಗದಂತೆ ಮಾಡೋದು ಹೇಗೆ?

ಪ್ರಶ್ನೆ: ಕಾರಿನ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕೊಡುವ 100 ಹರ್ಟ್ಸ್, 12 ವೋಲ್ಟ್ ಪಿಡಬ್ಲ್ಯೂಎಂ (ಪಲ್ಸಿನ ಅಗಲ ಬದಲಾಗುವ) ಸಿಗ್ನಲ್ಲನ್ನು 0–5 ವೋಲ್ಟ್ ಮೀಟರಿಗೆ ಕೊಡಬೇಕು. ಎರಡು ರೆಸಿಸ್ಟರಿನ ಡಿವೈಡರಿನಿಂದ 5ಕ್ಕೆ ಇಳಿಸಿ, ಫಿಲ್ಟರಿಗೆ 10ಕೆ ರೆಸಿಸ್ಟರ್, 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದ್ದೇನೆ. ಮುಳ್ಳು ನಡುಗುತ್ತೆ, ಎಂಜಿನ್ ಸ್ಟಾರ್ಟ್ ಆದ ಕೂಡಲೇ ರೀಡಿಂಗೂ ಏರುತ್ತೆ. ತಿಳಿದವರು ಹೇಳಿ.

ಉತ್ತರ: ಇವೆರಡೂ ಬೇರೆ ಬೇರೆ ತೊಂದರೆ ಸರ್. ಫಿಲ್ಟರಿನಿಂದ ಬರೋದು ಸರಾಸರಿ, ಅಂದರೆ ಡ್ಯೂಟಿ (ಒಂದು ಸುತ್ತಿನಲ್ಲಿ ಪಲ್ಸ್ ಆನ್ ಇರುವ ಪಾಲು) ಗುಣಿಸು ಪಲ್ಸಿನ ಎತ್ತರ. ಬ್ಯಾಟರಿ 12.4ರಿಂದ 14.2ಕ್ಕೆ ಹೋದರೆ, ಡ್ಯೂಟಿ ಅಷ್ಟೇ ಇದ್ದರೂ ರೀಡಿಂಗ್ ಸುಮಾರು ಶೇ. 14 ಏರುತ್ತೆ. ಡಿವೈಡರ್ ತೆಗೆಯಿರಿ. ಸಿಗ್ನಲ್ಲನ್ನು 10ಕೆ ಮೂಲಕ ತಂದು, 5.1 ವೋಲ್ಟ್ ಝೀನರ್ ಡಯೋಡಿನಿಂದ ಅದಕ್ಕಿಂತ ಮೇಲೇರದಂತೆ ತಡೆದು, 74ಎಚ್‌ಸಿ14ಕ್ಕೆ (ಸಿಗ್ನಲ್ ತಿರುಗಿಸುವ ಆರು ಗೇಟುಗಳ ಐಸಿ) ಕೊಡಿ, ಅದರ ಔಟ್‌ಪುಟ್ಟನ್ನು ಫಿಲ್ಟರಿಗೆ ಕೊಡಿ. ಐಸಿಗೆ 7805 (5 ವೋಲ್ಟ್ ರೆಗ್ಯುಲೇಟರ್) ನಿಂದ ಸಪ್ಲೈ. ಆಗ ಪಲ್ಸಿನ ಎತ್ತರ ಯಾವಾಗಲೂ 5 ವೋಲ್ಟೇ. ಒಂದು ಗೇಟ್ ಸಿಗ್ನಲ್ಲನ್ನು ತಿರುಗಿಸುತ್ತೆ: ಇಸಿಯು ಲೋಡನ್ನು ಗ್ರೌಂಡಿಗೆ ಎಳೆಯುವಂಥದ್ದಾದರೆ ಒಂದೇ ಗೇಟ್ ಸಾಕು, 12 ವೋಲ್ಟ್ ಕೊಡುವಂಥದ್ದಾದರೆ ಎರಡು ಬೇಕು. ಬಳಸದ ಗೇಟುಗಳ ಇನ್‌ಪುಟ್ ಗ್ರೌಂಡಿಗೆ ಸೇರಿಸೋದನ್ನು ಮರೆಯಬೇಡಿ.

ಉತ್ತರ: ನಡುಕದ ಲೆಕ್ಕ ಹೀಗಿದೆ. 10ಕೆ, 1 ಮೈಕ್ರೋಫ್ಯಾರಡ್ ಅಂದರೆ ಟೈಮ್ ಕಾನ್‌ಸ್ಟೆಂಟ್ (ಫಿಲ್ಟರ್ ಎಷ್ಟು ನಿಧಾನ ಅನ್ನೋ ಅಳತೆ) 10 ಮಿಲಿಸೆಕೆಂಡ್. 100 ಹರ್ಟ್ಸಿನ ಒಂದು ಸುತ್ತೂ ಅಷ್ಟೇ. 50% ಡ್ಯೂಟಿಯಲ್ಲಿ ರಿಪಲ್ (ಔಟ್‌ಪುಟ್ಟಿನ ಏರಿಳಿತ) 1.2 ವೋಲ್ಟ್! 10 ಮೈಕ್ರೋಫ್ಯಾರಡ್ ಹಾಕಿದರೆ 0.125ಕ್ಕೆ ಇಳಿಯುತ್ತೆ, ಆದರೆ ಮುಳ್ಳು ನಿಲ್ಲೋಕೆ ಅರ್ಧ ಸೆಕೆಂಡ್ ಹತ್ತಿರ ಹಿಡಿಯುತ್ತೆ. ಎರಡು ಹಂತ ಮಾಡಿ: ಮೊದಲು 10ಕೆ–4.7 ಮೈಕ್ರೋಫ್ಯಾರಡ್, ನಂತರ 100ಕೆ–0.47. ರಿಪಲ್ 10 ಮಿಲಿವೋಲ್ಟಿಗಿಂತ ಕಮ್ಮಿ, ನಿಲ್ಲೋದೂ ಸುಮಾರು 0.35 ಸೆಕೆಂಡಿನಲ್ಲಿ. ಎರಡನೇ ರೆಸಿಸ್ಟರ್ ಹತ್ತು ಪಟ್ಟು ದೊಡ್ಡದಿರಲಿ, ಇಲ್ಲದಿದ್ದರೆ ಅದು ಮೊದಲ ಹಂತವನ್ನೇ ಎಳೆದುಬಿಡುತ್ತೆ.

ಉತ್ತರ: ಮೇಲಿನವರ ಫಿಲ್ಟರಿಗೆ ಮೀಟರನ್ನು ನೇರ ಜೋಡಿಸಬೇಡಿ. ಫಿಲ್ಟರಿನ ಎರಡು ರೆಸಿಸ್ಟರ್ ಸೇರಿ 110ಕೆ; ಅದರ ಹಿಂದೆ ಒಳ ರೆಸಿಸ್ಟೆನ್ಸ್ 10ಕೆ ಇರುವ ಮೀಟರ್ ಕೂತರೆ ಹನ್ನೆರಡನೇ ಒಂದು ಪಾಲು ವೋಲ್ಟೇಜ್ ಮಾತ್ರ ಸಿಗುತ್ತೆ. ನಡುವೆ ಆಪ್-ಆಂಪ್ ಬಫರ್ (ಫಿಲ್ಟರಿಗೆ ಭಾರ ಬೀಳದಂತೆ ಅದೇ ವೋಲ್ಟೇಜನ್ನು ಮುಂದೆ ಕೊಡುವ ಐಸಿ) ಹಾಕಿ. ಎಲ್ಎಂ358 ಆಪ್-ಆಂಪಿಗೆ 5 ವೋಲ್ಟ್ ಸಪ್ಲೈ ಕೊಟ್ಟರೆ ಔಟ್‌ಪುಟ್ 3.5ರ ಆಸುಪಾಸಿಗೇ ನಿಲ್ಲುತ್ತೆ. ಎಂಸಿಪಿ6002 ತಗೊಳ್ಳಿ, ಹೆಚ್ಚುಕಮ್ಮಿ ಪೂರ್ತಿ 5ರವರೆಗೆ ಹೋಗುತ್ತೆ. 7805ರ ಇನ್‌ಪುಟ್ಟಿಗೆ ಫ್ಯೂಸ್, ಅದರ ನಂತರ ಎಸ್ಎಂಬಿಜೆ24ಎ ಟಿವಿಎಸ್ (ವೋಲ್ಟೇಜ್ ಒಮ್ಮೆಲೇ ಜಿಗಿದರೆ ತಡೆಯುವ ಡಯೋಡ್) ಇರಲೇಬೇಕು. ಗ್ರೌಂಡನ್ನು ಬಾಡಿ ಬೋಲ್ಟಿನಿಂದ ಬೇಡ, ಇಸಿಯು ಗ್ರೌಂಡ್ ಸೇರುವ ಜಾಗದಿಂದಲೇ ತನ್ನಿ. ಇಲ್ಲದಿದ್ದರೆ ಹೆಡ್‌ಲೈಟ್ ಹಾಕಿದಾಗ ಮುಳ್ಳು ಅಲುಗುತ್ತೆ.

ಉತ್ತರ: ಮೀಟರ್ ಬದಲು ಆರ್ಡುಯಿನೋ (ಮೈಕ್ರೋಕಂಟ್ರೋಲರ್ ಬೋರ್ಡ್) ಇದ್ದರೆ ಫಿಲ್ಟರೇ ಬೇಡ, 74ಎಚ್‌ಸಿ14ರ ಔಟ್‌ಪುಟ್ಟಿನಿಂದ ಪಲ್ಸಿನ ಅಗಲ ಅಳೆಯಿರಿ. 0% ಮತ್ತು 100%ರಲ್ಲಿ ಅಂಚೇ ಬರೋದಿಲ್ಲ, ಅಗಲ ಅಳೆಯುವ ಪಲ್ಸ್‌ಇನ್ ಫಂಕ್ಷನ್ ಎರಡಕ್ಕೂ ಸೊನ್ನೆ ಕೊಡುತ್ತೆ. ಆಗ ಪಿನ್ ಹೈ ಇದೆಯೋ ಲೋ ಇದೆಯೋ ಓದಿ ತೀರ್ಮಾನಿಸಿ.