ಸಹಾಯ ಬೇಕು: ಮಾರುತಿ 800ರ ಲೋವರ್ ಆರ್ಮ್ ಬುಶ್ ಹಾಕಿದ್ದಾಯಿತು, ಬೋಲ್ಟ್ ಬಿಗಿಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮದು 1998ರ ಮಾರುತಿ 800. ಅಪ್ಪ ಓಡಿಸುತ್ತಿದ್ದ ಕಾರು, ಮಾರುವ ಮನಸ್ಸಿಲ್ಲ. ಹಂಪ್ ದಾಟುವಾಗಲೆಲ್ಲ ಮುಂದಿನ ಎಡಗಡೆ ಟಕ್ ಟಕ್ ಸದ್ದು. ಬ್ರೇಕ್ ಒತ್ತಿದರೆ ಕಾರು ಎಡಕ್ಕೆ ಎಳೆಯುತ್ತಿತ್ತು. ಬಿಚ್ಚಿ ನೋಡಿದರೆ ಲೋವರ್ ಆರ್ಮ್ (ಚಕ್ರವನ್ನು ಕಾರಿನ ಚೌಕಟ್ಟಿಗೆ ಸೇರಿಸುವ ಕೆಳಗಿನ ತೋಳು) ಬುಡದ ಬುಶ್‌ನ ರಬ್ಬರ್ ಪೂರ್ತಿ ಹರಿದು, ಒಳಗಿನ ಕೊಳವೆ ಬೆರಳಿಗೇ ಸುತ್ತುತ್ತಿತ್ತು.

ಹಳೆಯದನ್ನು ತೆಗೆಯಲು ಇಡೀ ಭಾನುವಾರ ಹಿಡಿಯಿತು. ಉದ್ದನೆಯ ಬೋಲ್ಟ್, ದಪ್ಪ ವಾಷರ್, ಒಂದು ಪೈಪ್ ತುಂಡು ಸೇರಿಸಿ ಎಳೆದು ತೆಗೆದೆ. ಹೊಸದಕ್ಕೆ ಸೋಪಿನ ನೀರು ಸವರಿ ಅದೇ ರೀತಿ ಕೂರಿಸಿದೆ.

ಸಿಕ್ಕಿಹಾಕಿಕೊಂಡಿರುವುದು ಇಲ್ಲಿ. ಚಕ್ರ ನೇತಾಡುತ್ತಿರುವಾಗಲೇ ಬುಶ್ ಒಳಗೆ ಹಾಯುವ ಬೋಲ್ಟ್ ಬಿಗಿದರೆ, ಕಾರು ಇಳಿಸಿದ ಮೇಲೆ ರಬ್ಬರ್ ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ. ಅದಕ್ಕೇ, ಕಾರು ನೆಲದ ಮೇಲೆ ನಿಂತಾಗಿನ ಎತ್ತರಕ್ಕೇ ಆರ್ಮ್ ತಂದು ಬಿಗಿಯೋಣವೆಂದು, ಎತ್ತುವ ಮೊದಲು ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆದಿಟ್ಟಿದ್ದೆ: 34 ಸೆಂಟಿಮೀಟರ್. ಈಗ ಆರ್ಮ್ ಕೆಳಗೆ ಜ್ಯಾಕ್ ಕೊಟ್ಟರೆ 37ಕ್ಕೆ ಬರುವಷ್ಟರಲ್ಲೇ ಕಾರು ಸ್ಟ್ಯಾಂಡ್ ಬಿಟ್ಟು ಮೇಲೇಳುತ್ತದೆ. ಹೆದರಿ ಇಳಿಸಿಬಿಟ್ಟೆ. ಮುಂದಿನ ಎರಡೂ ಚಕ್ರ ಗಾಳಿಯಲ್ಲಿವೆ, ಎಡ ಬಲ ಆರ್ಮ್ ಎರಡನ್ನೂ ಜೋಡಿಸುವ ಸ್ಟೆಬಿಲೈಸರ್ ಬಾರ್ ತಡೆಯುತ್ತಿದೆ ಎಂದು ನನ್ನ ಅನುಮಾನ. ಚಕ್ರ ಹಾಕಿ ನೆಲಕ್ಕಿಳಿಸಿದರೆ ಸ್ಪ್ಯಾನರ್ ಹಿಡಿದು ಕೈ ಹೋಗುವುದೇ ಇಲ್ಲ.

ಮನೆಯಲ್ಲೇ ಈ ಕೆಲಸ ಮಾಡಿದವರು ದಯವಿಟ್ಟು ಹೇಳಿ: ಎರಡೂ ಆರ್ಮ್‌ಗಳನ್ನು ಒಟ್ಟಿಗೆ ಎತ್ತಬೇಕೇ, ಇಲ್ಲ ಚಕ್ರಗಳ ಕೆಳಗೆ ಅಗಲವಾದ ಮರದ ದಿಮ್ಮಿ ಇಟ್ಟು, ಪೂರ್ತಿ ಭಾರ ಬಿಟ್ಟ ಮೇಲೆ ಬಿಗಿಯಬೇಕೇ? ಅಥವಾ 3 ಸೆಂಟಿಮೀಟರ್ ವ್ಯತ್ಯಾಸವಿದ್ದರೂ ನಡೆಯುತ್ತದೆಯೇ?