ಧ್ರುವ ನಕ್ಷತ್ರ ಕಾಣದ ತಾರಸಿ, 135 ಎಂಎಂ ಲೆನ್ಸ್: 2 ನಿಮಿಷಕ್ಕೆ ನಕ್ಷತ್ರ ಗೆರೆಯಾಗ್ತಿದೆ

ತಾರಸಿ_ತಾರೆ:

ಎಲ್ಲರಿಗೂ ನಮಸ್ಕಾರ. ಜಾಗ ಬೆಂಗಳೂರು, ಎರಡನೇ ಮಹಡಿಯ ತಾರಸಿ. ಉತ್ತರಕ್ಕೆ ಪಕ್ಕದ ನಾಲ್ಕು ಮಹಡಿ ಕಟ್ಟಡ, ಅದರ ನೆತ್ತಿ ಮೇಲೆ ನೀರಿನ ಟ್ಯಾಂಕು. ಧ್ರುವ ನಕ್ಷತ್ರ ಸರಿಯಾಗಿ ಅದರ ಹಿಂದೆ. ಸಾಮಾನು: ಕ್ಯಾನನ್ 600ಡಿ, 135 ಎಂಎಂ ಲೆನ್ಸ್ (ಎಫ್/2.8), ಚಿಕ್ಕ ಸ್ಟಾರ್ ಟ್ರ್ಯಾಕರ್ (ಆಕಾಶದ ಜತೆ ಕ್ಯಾಮೆರಾ ತಿರುಗಿಸೋ ಯಂತ್ರ), ಜತೆಗೇ ಬಂದ ವೆಜ್ (ಅದರ ಅಕ್ಷದ ದಿಕ್ಕು-ಎತ್ತರ ಹೊಂದಿಸೋ ಓರೆ ಪೀಠ), ಅಲ್ಯೂಮಿನಿಯಂ ಟ್ರೈಪಾಡ್. ಉತ್ತರ ದಿಕ್ಕು ಫೋನ್ ಕಂಪಾಸ್‌ನಲ್ಲಿ, ಎತ್ತರ ವೆಜ್ ಮೇಲಿನ ಗುರುತಿನಲ್ಲಿ 13 ಡಿಗ್ರಿ, ಅಂದ್ರೆ ಬೆಂಗಳೂರಿನ ಅಕ್ಷಾಂಶ.

30 ಸೆಕೆಂಡಿಗೆ ನಕ್ಷತ್ರ ಗುಂಡಗಿದೆ. 2 ನಿಮಿಷಕ್ಕೆ ಅಕ್ಕಿಕಾಳಿನ ಥರ ಉದ್ದ, ಹಿಗ್ಗಿಸಿ ಎಣಿಸಿದರೆ ಏಳು ಪಿಕ್ಸೆಲ್. ಧ್ರುವ ಕಾಣದೆ ಅಲೈನ್ ಮಾಡೋದು, ಅಂದ್ರೆ ಟ್ರ್ಯಾಕರ್ ಅಕ್ಷವನ್ನ ಆಕಾಶದ ಧ್ರುವಕ್ಕೆ ನೇರ ಮಾಡೋದು ಹೇಗೆ? ಇನ್ನೊಂದು, ಕೌಂಟರ್‌ವೇಟ್ (ಸಮತೋಲದ ತೂಕ) ಕಂಬಿ ಟ್ರೈಪಾಡ್ ಕಾಲಿಗೆ ತಾಗ್ತಿದೆ. ಟ್ರ್ಯಾಕರ್ ಬದಲಾಯಿಸಬೇಕಾ?

ಮೃಗಶಿರ:

ಬದಲಾಯಿಸೋದು ಬೇಡ. ಮೊದಲು ಗೆರೆ ಯಾವ ದಿಕ್ಕಿಗಿದೆ ನೋಡಿ. ಅಲೈನ್‌ಮೆಂಟ್ ಮುಟ್ಟೋ ಮುಂಚೆ ಇದೊಂದು ಕೆಲಸ ಆಗಲೇಬೇಕು, ಇಲ್ಲಾಂದ್ರೆ ಎಡಗಾಲಿನ ನೋವಿಗೆ ಬಲಗಾಲಿಗೆ ಎಣ್ಣೆ ಹಚ್ಚಿದ ಹಾಗೆ.

ಟ್ರ್ಯಾಕರ್ ಆಫ್ ಮಾಡಿ 20 ಸೆಕೆಂಡಿನ ಒಂದು ಫೋಟೊ ತೆಗೀರಿ. ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ಸರಿಯುತ್ತೆ (ಒಂದು ಡಿಗ್ರಿಗೆ 60 ಆರ್ಕ್‌ಮಿನಿಟ್, ಒಂದು ಆರ್ಕ್‌ಮಿನಿಟ್‌ಗೆ 60 ಆರ್ಕ್‌ಸೆಕೆಂಡ್). ನಿಮ್ಮ ಸೆಟಪ್‌ನಲ್ಲಿ ಒಂದು ಪಿಕ್ಸೆಲ್ ಅಂದ್ರೆ 206 × 4.3 (ಪಿಕ್ಸೆಲ್ ಅಗಲ, ಮೈಕ್ರಾನ್‌ನಲ್ಲಿ) ÷ 135, ಸುಮಾರು 6.6 ಆರ್ಕ್‌ಸೆಕೆಂಡ್. ಹಾಗಾಗಿ ಖಗೋಳ ಮಧ್ಯರೇಖೆ (ಭೂಮಧ್ಯರೇಖೆಯ ನೇರ ಮೇಲೆ ಆಕಾಶದಲ್ಲಿರೋ ರೇಖೆ) ಹತ್ತಿರದ ನಕ್ಷತ್ರ 45 ಪಿಕ್ಸೆಲ್ ಉದ್ದದ ಗೆರೆ ಎಳೆಯುತ್ತೆ. ಅದು ಪೂರ್ವ-ಪಶ್ಚಿಮ. ಕ್ಯಾಮೆರಾ ತಿರುಗಿಸಿ ಆ ಗೆರೆಯನ್ನು ಫೋಟೊದ ಉದ್ದ ಅಂಚಿಗೆ ಸಮಾನಾಂತರ ಮಾಡಿಕೊಳ್ಳಿ. ಈಗ ಟ್ರ್ಯಾಕರ್ ಆನ್ ಮಾಡಿ 2 ನಿಮಿಷ ತೆಗೀರಿ.

ಅಕ್ಕಿಕಾಳು ಉದ್ದ ಅಂಚಿನ ದಿಕ್ಕಿಗೇ ಮಲಗಿದ್ರೆ ತಪ್ಪು ಟ್ರ್ಯಾಕಿಂಗ್‌ನದ್ದು. ವೇಗದ ಡಯಲ್ ಚಂದ್ರನ ಗುರುತಿಗೆ ಹೋಗಿದ್ರೆ 2 ನಿಮಿಷಕ್ಕೆ ಹತ್ತು ಪಿಕ್ಸೆಲ್ ಜಾರುತ್ತೆ. ಸೂರ್ಯನ ಗುರುತಲ್ಲಿದ್ರೆ ಒಂದು ಪಿಕ್ಸೆಲ್ ಕೂಡ ಇಲ್ಲ, ಗೊತ್ತೇ ಆಗಲ್ಲ. ಉತ್ತರ-ದಕ್ಷಿಣ ಗೋಳಾರ್ಧದ ಸ್ವಿಚ್ ಅಪ್ಪಿತಪ್ಪಿ ದಕ್ಷಿಣಕ್ಕಿದ್ರೆ ಟ್ರ್ಯಾಕರ್ ಉಲ್ಟಾ ತಿರುಗಿ ಗೆರೆ ಎರಡರಷ್ಟಾಗುತ್ತೆ, ಅದನ್ನ ನೋಡಿದ ತಕ್ಷಣ ಹೇಳಬಹುದು. ಒಂದು ಫೋಟೊದಲ್ಲಿ ಗುಂಡಗೆ, ಮುಂದಿನದರಲ್ಲಿ ಉದ್ದ ಅಂತ ಬರ್ತಿದ್ರೆ ಗೇರಿನ ಏರಿಳಿತ. ಅದಕ್ಕೆ ಭಾರವನ್ನ ಪೂರ್ವದ ಕಡೆಗೆ ಒಂಚೂರು ಹೆಚ್ಚು ಬಿಡಿ, ಗೇರಿನ ಹಲ್ಲು ಒಂದೇ ಕಡೆಗೆ ಒತ್ತಿಕೊಂಡಿರುತ್ತೆ.

ಅಕ್ಕಿಕಾಳು ಅಡ್ಡಕ್ಕೆ ಬಿದ್ದಿದ್ರೆ, ಅಂದ್ರೆ ಉತ್ತರ-ದಕ್ಷಿಣಕ್ಕೆ, ಅದು ಪೋಲಾರ್ ಅಲೈನ್‌ಮೆಂಟ್. ಅಕ್ಷ ಒಂದು ಆರ್ಕ್‌ಮಿನಿಟ್ ತಪ್ಪಿದ್ರೆ ನಕ್ಷತ್ರ ನಿಮಿಷಕ್ಕೆ ಹೆಚ್ಚೆಂದ್ರೆ 0.26 ಆರ್ಕ್‌ಸೆಕೆಂಡ್ ಜಾರುತ್ತೆ. ನಿಮ್ಮ ಏಳು ಪಿಕ್ಸೆಲ್ ಹಿಂದಕ್ಕೆ ಲೆಕ್ಕ ಹಾಕಿದ್ರೆ ಕಮ್ಮಿ ಅಂದ್ರೂ ಒಂದೂವರೆ ಡಿಗ್ರಿ. ಫೋನ್ ಕಂಪಾಸ್ ಅಷ್ಟು ತಪ್ಪು ಹೇಳೋದು ಮಾಮೂಲು, ಅದರಲ್ಲೂ ತಾರಸಿಯ ಕಾಂಕ್ರೀಟ್ ಒಳಗೆ ಕಬ್ಬಿಣ ಇರುವಾಗ. ಇದೇ ಲೆಕ್ಕದಲ್ಲಿ 10 ಆರ್ಕ್‌ಮಿನಿಟ್ ಒಳಗೆ ಬಂದ್ರೆ 2 ನಿಮಿಷಕ್ಕೆ ಒಂದು ಪಿಕ್ಸೆಲ್ ಕೂಡ ಜಾರಲ್ಲ. 135 ಎಂಎಂಗೆ ಅದಕ್ಕಿಂತ ನಿಖರತೆ ಬೇಕಿಲ್ಲ. 1000 ಎಂಎಂ ದೂರದರ್ಶಕದವರು ಬರೆದ ಸಲಹೆ ಓದಿ ತಲೆ ಕೆಡಿಸಿಕೊಳ್ಳಬೇಡಿ.

ತೂಗುಗುಂಡು:

ಕಂಪಾಸ್ ಬದಲು ಸೂರ್ಯನನ್ನ ಬಳಸಿ. ತಾರಸಿಯಲ್ಲಿ ಗಾರೆ ಕೆಲಸದವರ ತೂಗುಗುಂಡು ಇಳಿಬಿಡಿ. ಸೂರ್ಯ ದಕ್ಷಿಣೋತ್ತರ ರೇಖೆ (ಉತ್ತರದಿಂದ ನೆತ್ತಿ ಮೇಲೆ ಹಾದು ದಕ್ಷಿಣಕ್ಕೆ ಹೋಗೋ ರೇಖೆ) ದಾಟುವ ನಿಮಿಷದಲ್ಲಿ ದಾರದ ನೆರಳು ಅಪ್ಪಟ ಉತ್ತರ-ದಕ್ಷಿಣ. ಅದರ ಮೇಲೆ ಪೇಂಟಲ್ಲಿ ಗೆರೆ ಎಳೆದುಬಿಟ್ರೆ ಶಾಶ್ವತ. ಬೆಂಗಳೂರಲ್ಲಿ ಆ ಕ್ಷಣ 12 ಗಂಟೆಗೆ ಬರಲ್ಲ: ನವೆಂಬರ್ ಮೊದಲ ವಾರ 12:03ರ ಹೊತ್ತಿಗೆ, ಫೆಬ್ರವರಿ ಮಧ್ಯಕ್ಕೆ 12:34ರ ಹೊತ್ತಿಗೆ. ಸ್ಟೆಲೇರಿಯಂ ಅನ್ನೋ ಆಕಾಶ ನಕ್ಷೆ ತಂತ್ರಾಂಶದಲ್ಲಿ ನಿಮ್ಮ ಊರು ಹಾಕಿ ಆ ದಿನದ ಸಮಯ ನೋಡಿಕೊಳ್ಳಿ.

ಚಳಿಗಾಲದಲ್ಲೇ ಮಾಡಿ. ಡಿಸೆಂಬರ್‌ನಲ್ಲಿ ಒಂದು ನಿಮಿಷ ತಪ್ಪಿದ್ರೆ ದಿಕ್ಕು 0.4 ಡಿಗ್ರಿ ತಪ್ಪುತ್ತೆ, ಶುರುವಿಗೆ ಅಡ್ಡಿಯಿಲ್ಲ. ಏಪ್ರಿಲ್ ಕೊನೆಯಲ್ಲೂ ಆಗಸ್ಟ್ ಮಧ್ಯದ ನಂತರವೂ ಸೂರ್ಯ ಇಲ್ಲಿ ನೆತ್ತಿ ಮೇಲೇ ಬರ್ತಾನೆ. ಶೂನ್ಯ ನೆರಳಿನ ದಿನಗಳ ಆಸುಪಾಸು ನೆರಳೇ ಇರಲ್ಲ, ಇದ್ದರೂ ಸರ್ರನೆ ತಿರುಗಿಬಿಡುತ್ತೆ.

ಎತ್ತರಕ್ಕೆ ವೆಜ್ ಮೇಲಿನ ಗುರುತು ನಂಬಬೇಡಿ, ಅದು ಅಂದಾಜಿಗೆ. ಟ್ರ್ಯಾಕರ್‌ನ ಅಕ್ಷಕ್ಕೆ ಸಮಾನಾಂತರವಾದ ಚಪ್ಪಟೆ ಜಾಗದ ಮೇಲೆ ಫೋನ್ ಇಟ್ಟು ಲೆವೆಲ್ ಆ್ಯಪ್‌ನಲ್ಲಿ 13.0 ತನ್ನಿ. (ಮೈಸೂರಿನವರಿಗೆ 12.3, ಹುಬ್ಬಳ್ಳಿಗೆ 15.4, ಕಲಬುರಗಿಗೆ 17.3.)

ಮೃಗಶಿರ:

ತೂಗುಗುಂಡು ಸರ್ ಹೇಳಿದ್ದು ಸರಿ. ಅಷ್ಟಾದ ಮೇಲೆ ಡ್ರಿಫ್ಟ್ (ನಕ್ಷತ್ರ ಜಾರೋದು) ನೋಡಿ ತಿದ್ದಿ, ಧ್ರುವ ಬೇಕೇ ಇಲ್ಲ. ಟ್ರ್ಯಾಕರ್ ಓಡ್ತಿರುವಾಗ ಐದು ನಿಮಿಷದ ಅಂತರದಲ್ಲಿ 10 ಸೆಕೆಂಡಿನ ಎರಡು ಫೋಟೊ. ಒಂದೇ ನಕ್ಷತ್ರದ ಜಾಗ ಹೋಲಿಸಿ. ಅಡ್ಡಕ್ಕೆ ಸರಿದದ್ದು ಮಾತ್ರ ಲೆಕ್ಕಕ್ಕೆ. ನಿಮ್ಮ ಸೆಟಪ್‌ಗೆ ಒಂದು ಪಿಕ್ಸೆಲ್ ಅಂದ್ರೆ ಸರಿಸುಮಾರು 5 ಆರ್ಕ್‌ಮಿನಿಟ್ ತಪ್ಪು.

ಮೊದಲು ದಿಕ್ಕು. ನಕ್ಷತ್ರ ದಕ್ಷಿಣೋತ್ತರ ರೇಖೆ ಮೇಲೆ, ಖಗೋಳ ಮಧ್ಯರೇಖೆ ಹತ್ತಿರ ಇರಬೇಕು. ಮಹಾವ್ಯಾಧನ (ಒರಾಯನ್) ಸೊಂಟಪಟ್ಟಿಯ ಪಶ್ಚಿಮದ ತುದಿ ನಕ್ಷತ್ರ ಇದಕ್ಕೆಂದೇ ಇಟ್ಟಂತಿದೆ. ಜನವರಿ ಮಧ್ಯದಲ್ಲಿ ರಾತ್ರಿ ಹತ್ತೂ ಕಾಲಿಗೆ ಅದು ನಮ್ಮ ನೆತ್ತಿಯಿಂದ 13 ಡಿಗ್ರಿ ದಕ್ಷಿಣಕ್ಕೆ ನಿಂತಿರುತ್ತೆ. ದಕ್ಷಿಣಕ್ಕೆ ಜಾರಿದ್ರೆ ಅಕ್ಷ ಪೂರ್ವಕ್ಕೆ ವಾಲಿದೆ, ವೆಜ್ ಅನ್ನ ಪಶ್ಚಿಮಕ್ಕೆ ತಿರುಗಿಸಿ. ಉತ್ತರಕ್ಕೆ ಜಾರಿದ್ರೆ ಉಲ್ಟಾ.

ಆಮೇಲೆ ಎತ್ತರ. ಪೂರ್ವದಲ್ಲಿ 20-25 ಡಿಗ್ರಿ ಮೇಲಿರುವ ನಕ್ಷತ್ರ ಬೇಕು. ಅದೇ ಹೊತ್ತಿಗೆ ಮಖಾ ನಕ್ಷತ್ರ (ರೆಗ್ಯುಲಸ್) ಅಲ್ಲೇ ಇರುತ್ತೆ. ದಕ್ಷಿಣಕ್ಕೆ ಜಾರಿದ್ರೆ ಅಕ್ಷ ಕೆಳಗಿದೆ, ಎತ್ತಿ. ಉತ್ತರಕ್ಕಾದ್ರೆ ಇಳಿಸಿ. ಪೂರ್ವ ಮುಚ್ಚಿದ್ದು ಪಶ್ಚಿಮದ ನಕ್ಷತ್ರ ಹಿಡಿದ್ರೆ ಇದು ತಿರುವುಮುರುವು, ಇಲ್ಲೇ ಎಲ್ಲರೂ ಎಡವೋದು.

ಫೋಟೊದಲ್ಲಿ ಉತ್ತರ ಯಾವ ಕಡೆ ಅಂತ ಗೊತ್ತಾಗದಿದ್ರೆ ಲೆನ್ಸ್ ಮೂತಿಯನ್ನ ಧ್ರುವದ ಕಡೆಗೆ ಕೂದಲೆಳೆಯಷ್ಟು ಒತ್ತಿ. ಹೊಸ ನಕ್ಷತ್ರಗಳು ಯಾವ ಅಂಚಿನಿಂದ ಒಳಗೆ ಬರ್ತವೋ ಅದು ಉತ್ತರ.

ನಮ್ಮ ಅಕ್ಷಾಂಶದ್ದೇ ಒಂದು ಕಿವಿಮಾತು: ದಿಕ್ಕಿನ ಸ್ಕ್ರೂನಿಂದ ವೆಜ್ ಒಂದು ಡಿಗ್ರಿ ತಿರುಗಿದ್ರೆ ಇಲ್ಲಿ ಅಕ್ಷವೂ ಹೆಚ್ಚುಕಡಿಮೆ ಒಂದು ಡಿಗ್ರಿ ಸರಿಯುತ್ತೆ. ಲಂಡನ್‌ನಲ್ಲಿ 0.6 ಡಿಗ್ರಿ ಅಷ್ಟೇ. ಹಾಗಾಗಿ ಆ ಸ್ಕ್ರೂ ಮೇಲೆ ಕೈ ಹಗುರ ಇರಲಿ.

ರಾಜಹಂಸ:

ಲ್ಯಾಪ್‌ಟಾಪ್ ತಾರಸಿಗೆ ಒಯ್ಯೋದಾದ್ರೆ ಇಷ್ಟೂ ಕಷ್ಟ ಬೇಡ. ನೀನಾ ಅನ್ನೋ ಉಚಿತ ತಂತ್ರಾಂಶಕ್ಕೆ ‘ಥ್ರೀ ಪಾಯಿಂಟ್ ಪೋಲಾರ್ ಅಲೈನ್‌ಮೆಂಟ್’ ಪ್ಲಗಿನ್ ಹಾಕಿ, ಪ್ಲೇಟ್ ಸಾಲ್ವಿಂಗ್‌ಗೆ (ಫೋಟೊದ ನಕ್ಷತ್ರ ನೋಡಿ ಅದು ಆಕಾಶದ ಯಾವ ಜಾಗ ಅಂತ ಗುರುತಿಸೋಕೆ) ಆಸ್ಟ್ಯಾಪ್ ತಂತ್ರಾಂಶ. ಆಕಾಶದ ಯಾವ ಮೂಲೆಯಾದ್ರೂ ಸರಿ, ಮೂರು ಫೋಟೊ ತೆಗೆದು ಅಕ್ಷ ಎಷ್ಟು ತಪ್ಪಿದೆ ಅಂತ ಹೇಳುತ್ತೆ. ಟ್ರ್ಯಾಕರ್ ತಾನೇ ತಿರುಗಲ್ಲವಾದ್ದರಿಂದ ಮ್ಯಾನ್ಯುಯಲ್ ಮೋಡ್ ಇಟ್ಟು ಫೋಟೊಗಳ ನಡುವೆ ಕ್ಲಚ್ ಸಡಿಲಿಸಿ ಪೂರ್ವ-ಪಶ್ಚಿಮಕ್ಕೆ ಮಾತ್ರ ತಿರುಗಿಸಿ. ಬಾಲ್‌ಹೆಡ್ (ಕ್ಯಾಮೆರಾ ಕೂರೋ ಗುಂಡು ತಲೆ) ಮುಟ್ಟಿದ್ರೆ ಬರೋ ಲೆಕ್ಕ ಪೂರ್ತಿ ತಪ್ಪು. ಶಾರ್ಪ್‌ಕ್ಯಾಪ್ ಅನ್ನೋ ಇನ್ನೊಂದು ತಂತ್ರಾಂಶದ ಅಲೈನ್‌ಮೆಂಟ್ ನಿಮಗೆ ಆಗಲ್ಲ, ಅದಕ್ಕೆ ಧ್ರುವದ ಆಸುಪಾಸು ಕಾಣಲೇಬೇಕು.

ಕಂಬಿ ತಾಗೋದು ಟ್ರ್ಯಾಕರ್ ದೋಷ ಅಲ್ಲ, 13 ಡಿಗ್ರಿಯ ದೋಷ. ಅಕ್ಷ ಹೆಚ್ಚುಕಡಿಮೆ ಮಲಗಿರೋದ್ರಿಂದ ಕಂಬಿ ಬಹುತೇಕ ನೆಟ್ಟಗೆ ಕೆಳಗಿಳಿಯುತ್ತೆ, ಉತ್ತರದ ಕಾಲಿಗೇ ಬಡಿಯುತ್ತೆ. ಟ್ರೈಪಾಡನ್ನ 60 ಡಿಗ್ರಿ ತಿರುಗಿಸಿ ಉತ್ತರದಲ್ಲಿ ಎರಡು ಕಾಲುಗಳ ನಡುವಿನ ಸಂದು ಬರೋ ಹಾಗೆ ಮಾಡಿ. ಇದರಲ್ಲೊಂದು ನಷ್ಟ ಇದೆ: ಭಾರವೆಲ್ಲ ಉತ್ತರಕ್ಕೆ ವಾಲಿರುತ್ತೆ, ಅಲ್ಲಿ ಕಾಲಿಲ್ಲ. ಟ್ರೈಪಾಡ್ ಮಧ್ಯದ ಕೊಕ್ಕೆಗೆ ಮೂರು-ನಾಲ್ಕು ಕೆಜಿ ಮರಳು ಚೀಲ ನೇತುಹಾಕಿ, ತಳ ನೆಲಕ್ಕೆ ಸ್ವಲ್ಪ ತಾಗಿರಲಿ, ಗಾಳಿಗೆ ತೂಗಾಡಬಾರದು. ತೂಕದ ಬಿಲ್ಲೆಯನ್ನೂ ಕಂಬಿಯ ಮೇಲ್ತುದಿಗೆ ಸರಿಸಿ. ಸಮತೋಲ ಬರದಿದ್ರೆ ಉದ್ದ ಕಂಬಿ ಬೇಡ, ಭಾರದ ಬಿಲ್ಲೆ ಹಾಕಿ.

ತಾರಸಿ_ತಾರೆ:

ಎಲ್ಲರಿಗೂ ಧನ್ಯವಾದ. ಪರೀಕ್ಷೆ ಮಾಡಿದೆ, ಅಕ್ಕಿಕಾಳು ಅಡ್ಡಕ್ಕೇ ಇದೆ. ಇನ್ನೊಂದು ತೊಡಕು: ವೆಜ್ 15 ಡಿಗ್ರಿಗಿಂತ ಕೆಳಗಿಳಿಯಲ್ಲ ಅಂತ ಫೋನ್ ಲೆವೆಲ್‌ನಲ್ಲಿ ಈಗ ಗೊತ್ತಾಯ್ತು. ಗುರುತಿನಲ್ಲಿ 13 ತೋರಿಸ್ತಿತ್ತು.

ತೂಗುಗುಂಡು:

ಎರಡು ಡಿಗ್ರಿ ಎತ್ತರ ತಪ್ಪಿದ್ರೆ ಏಳು ಪಿಕ್ಸೆಲ್‌ನ ದೊಡ್ಡ ಪಾಲು ಅದರದ್ದೇ ಇರಬಹುದು. ಇಡೀ ಟ್ರೈಪಾಡನ್ನ ಉತ್ತರಕ್ಕೆ ಬಾಗಿಸಿ. ಸಂದು ಉತ್ತರಕ್ಕೆ ಬಂದ ಮೇಲೆ ಒಂದು ಕಾಲು ದಕ್ಷಿಣಕ್ಕೆ ಉಳಿಯುತ್ತೆ, ಅದರ ಕೆಳಗೆ ಹಲಗೆ. ಆ ಕಾಲಿನಿಂದ ಉತ್ತರದ ಎರಡು ಕಾಲುಗಳ ನಡುವಿನ ಗೆರೆಗೆ 75 ಸೆಂಮೀ ಇದ್ರೆ ಎರಡು ಡಿಗ್ರಿಗೆ 2.6 ಸೆಂಮೀ ಹಲಗೆ ಸಾಕು. ಟ್ರೈಪಾಡ್‌ನ ಮಟ್ಟ ತೋರಿಸೋ ಬಬಲ್ ಮಧ್ಯದಲ್ಲಿರಲ್ಲ, ಇರಲಿ ಬಿಡಿ. ಅಕ್ಷ ಧ್ರುವಕ್ಕೆ ನೋಡಿದ್ರಾಯ್ತು, ಟ್ರೈಪಾಡ್ ಮಟ್ಟವಾಗಿರಬೇಕು ಅಂತೇನಿಲ್ಲ. ಒಂದು ಸ್ಕ್ರೂ ತಿರುಗಿಸಿದ್ರೆ ಇನ್ನೊಂದೂ ಕೂದಲೆಳೆಯಷ್ಟು ಕದಲುತ್ತೆ, ಅದಕ್ಕೆ ದಿಕ್ಕು-ಎತ್ತರ ಎರಡನ್ನೂ ಇನ್ನೊಂದು ಸುತ್ತು ನೋಡಿ. ಭಾರ ಇನ್ನಷ್ಟು ಉತ್ತರಕ್ಕೆ ಹೋಗುತ್ತೆ, ಮರಳು ಚೀಲ ಮರೀಬೇಡಿ.

ಮೃಗಶಿರ:

ಇಷ್ಟೆಲ್ಲ ಆದ ಮೇಲೂ, ಬೆಂಗಳೂರಿನೊಳಗಿಂದ ಎಫ್/2.8ರಲ್ಲಿ 2 ನಿಮಿಷ ಯಾಕೆ? ಐಎಸ್‌ಒ 800ರಲ್ಲಿ ಹಿಸ್ಟೋಗ್ರಾಮ್ (ಫೋಟೊದ ಕತ್ತಲು-ಬೆಳಕಿನ ನಕ್ಷೆ, ಎಡಕ್ಕೆ ಕತ್ತಲು) ನೋಡಿ. ಗುಡ್ಡ ಎಡದಿಂದ ಮೂರನೇ ಒಂದು ಭಾಗ ದಾಟಿದ್ರೆ ನೀವು ಕೂಡಿಸ್ತಿರೋದು ಬೀದಿದೀಪದ ಬೆಳಕು. ಅಲ್ಲಿಗೆ 30 ಸೆಕೆಂಡಿನ 120 ಫೋಟೊ ಸಾಕು, ಒಂದು ಗಂಟೆ ಆಯ್ತು. 2 ನಿಮಿಷದ ಅಲೈನ್‌ಮೆಂಟನ್ನ ಊರಾಚೆ ಕತ್ತಲಿಗೆ ಹೋದಾಗ ಬಳಸಿ. ಅಲ್ಲಿ ಧ್ರುವವೂ ಕಾಣುತ್ತೆ.