ಲೂಪೇ ಇಲ್ಲದ ಪ್ರೋಗ್ರಾಮಿಂಗ್ ಕ್ಲಾಸು: ದಾಟಿ ಬಂದವರು ಸ್ವಲ್ಪ ಹೇಳಿ

ಕೆನಡಾದಲ್ಲಿ ಬಿಎಸ್ಸಿ ಮೊದಲ ವರ್ಷ. ಪಿಯುಸಿಯಲ್ಲಿ ಸಿ++ ಚೆನ್ನಾಗೇ ಬರ್ತಿತ್ತು. ಇಲ್ಲಿ ರ‍್ಯಾಕೆಟ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಹೇಳಿಕೊಡ್ತಿದ್ದಾರೆ. ಈ ಕ್ಲಾಸಲ್ಲಿ ಫಾರ್ ಲೂಪ್ (ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸೋದು) ಇಲ್ಲ, ವೇರಿಯಬಲ್‌ಗೆ ಒಮ್ಮೆ ಕೊಟ್ಟ ಬೆಲೆ ಬದಲಿಸೋ ಹಾಗಿಲ್ಲ, ಬರೀ ಬ್ರ್ಯಾಕೆಟ್ಟು. ನನ್ನ ಪ್ರೋಗ್ರಾಂ ಸರಿಯಾಗೇ ಓಡ್ತು, ಆದ್ರೂ ‘ಉದಾಹರಣೆ ಬರೆದಿಲ್ಲ’ ಅಂತ ಅರ್ಧ ಮಾರ್ಕ್ಸ್ ಹೋಯ್ತು. ಇದನ್ನ ಹೇಗೆ ಓದೋದು?

* * *

ಗುರು, ಸಿ++ ಬರೋರಿಗೇ ಇದು ಜಾಸ್ತಿ ಕಷ್ಟ. ಏನೂ ಬಾರದ ನನ್ನ ರೂಂಮೇಟ್ ಆರಾಮಾಗಿದ್ದ, ನಾನು ಒದ್ದಾಡ್ತಿದ್ದೆ.

ಒಂದ್ಸಲ ಅಂಕಗಳ ಪಟ್ಟಿ ಕೊಟ್ಟು ಎಷ್ಟು ಜನ ಫೇಲು ಅಂತ ಎಣಿಸೋಕೆ ಹೇಳಿದ್ರು. ಸೀದಾ ಕೋಡ್ ಬರೆದೆ. ಆಮೇಲೆ ಕಾಟಾಚಾರಕ್ಕೆ ಮೂರು ಉದಾಹರಣೆ, ಅಂದ್ರೆ ‘ಇದು ಕೊಟ್ರೆ ಇದು ಬರಬೇಕು’ ಅಂತ ಪರೀಕ್ಷಿಸೋ ಚೆಕ್-ಎಕ್ಸ್‌ಪೆಕ್ಟ್ ಸೇರಿಸಿದೆ: ಖಾಲಿ ಪಟ್ಟಿಗೆ 0, 34 ಒಂದೇ ಇದ್ರೆ 1, 35 ಒಂದೇ ಇದ್ರೆ 0. ಮೂರನೇದು ಕೆಂಪಾಯ್ತು. 35 ತಗೊಂಡವರನ್ನೂ ಫೇಲ್ ಮಾಡಿಬಿಟ್ಟಿದ್ದೆ. (ಗಣಿತದಲ್ಲಿ 35ಕ್ಕೆ ಪಾಸಾಗಿ ಊರಿಗೆಲ್ಲಾ ಪೇಡ ಹಂಚಿದವನು ನಾನೇ!)

ಇನ್ನು ರಿಕರ್ಷನ್, ಅಂದ್ರೆ ಲೂಪ್ ಬದಲು ಫಂಕ್ಷನ್ ತನ್ನನ್ನೇ ಕರೆಯೋದು. ಪಟ್ಟಿ ಅಂದ್ರೆ ಒಂದೋ ಖಾಲಿ, ಇಲ್ಲಾ ಒಂದು ಅಂಕ ಮತ್ತು ಉಳಿದ ಪಟ್ಟಿ. ಎರಡು ಬಗೆ, ಹಾಗಾಗಿ ಷರತ್ತು ನೋಡಿ ಆರಿಸೋ ಕಾಂಡ್‌ನಲ್ಲೂ ಎರಡು ಸಾಲು. ಉಳಿದದ್ದೂ ಪಟ್ಟಿಯೇ ಆದ್ದರಿಂದ ಅದಕ್ಕೆ ಅದೇ ಫಂಕ್ಷನ್ ಕರೀಬೇಕು. ತಲೆ ಕೆರೆದುಕೊಂಡು ಹೊಳೆಸಿಕೊಳ್ಳೋದು ಏನೂ ಇಲ್ಲ. ಡೇಟಾ ವಿವರಣೆಯನ್ನ ಕಾಮೆಂಟಲ್ಲಿ ಬರೆದು ಅದನ್ನೇ ನೋಡ್ತಾ ಕೋಡ್ ಬರೀರಿ.

* * *

ಡಾಕ್ಟರ್‌ರ‍್ಯಾಕೆಟ್‌ನಲ್ಲಿ (ಆ ಭಾಷೆಯ ಕೋಡ್ ಬರೆಯೋ ಸಾಫ್ಟ್‌ವೇರ್) ಬಿಗಿನಿಂಗ್ ಸ್ಟೂಡೆಂಟ್ ಅನ್ನೋ ಕಲಿಯುವವರ ಭಾಷೆ ಆರಿಸಿ ಸ್ಟೆಪ್ ಬಟನ್ ಒತ್ತಿ. ಫಂಕ್ಷನ್ ಜಾಗಕ್ಕೆ ಅದರ ಬೆಲೆ ಬಂದು ಕೂರೋದು ಒಂದೊಂದೇ ಹೆಜ್ಜೆ ಕಾಣುತ್ತೆ. ಈ ವಿಧಾನ ಕಲಿಸೋ ಹೌ ಟು ಡಿಸೈನ್ ಪ್ರೋಗ್ರಾಮ್ಸ್ ಪುಸ್ತಕದ 2018ರ ಆವೃತ್ತಿ ನೆಟ್ಟಲ್ಲಿ ಫ್ರೀ ಇದೆ, ದುಡ್ಡು ಕೊಡಬೇಡಿ.

* * *

ನಾನು ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್‌ನ ಮಾಧವನ್ ಮುಕುಂದ್ ಅವರ ಎನ್‌ಪಿಟೆಲ್ ಆನ್‌ಲೈನ್ ಪಾಠ ನೋಡಿ ಇದೇ ಬಗೆಯ ಹ್ಯಾಸ್ಕೆಲ್ ಭಾಷೆ ಕಲಿತವಳು. ಮೇಲೆ ಹೇಳಿದ್ದು ಸರಿ, ಆದ್ರೆ ಪೂರ್ತಿ ಅಲ್ಲ. ಕ್ವಿಕ್‌ಸಾರ್ಟ್‌ನಲ್ಲಿ (ಪಟ್ಟಿಯನ್ನ ಏರಿಕೆ ಕ್ರಮಕ್ಕೆ ತರೋ ವಿಧಾನ) ‘ಮೊದಲನೆಯದು, ಉಳಿದದ್ದು’ ಟೆಂಪ್ಲೇಟ್ ಕೈ ಕೊಡುತ್ತೆ. ಅಲ್ಲಿ ಒಂದು ಸಂಖ್ಯೆಯನ್ನ ಪಿವಟ್ ಅಂತ ಆರಿಸ್ತೀವಿ; ಪಿವಟ್‌ಗಿಂತ ಚಿಕ್ಕವು ಒಂದು ಕಡೆ, ದೊಡ್ಡವು ಇನ್ನೊಂದು ಕಡೆ. ನಾನು ಪಿವಟ್ಟನ್ನೇ ಚಿಕ್ಕವುಗಳ ಗುಂಪಿಗೆ ವಾಪಸ್ ಸೇರಿಸಿದ್ದೆ. ಪ್ರೋಗ್ರಾಂ ನಿಲ್ಲಲೇ ಇಲ್ಲ. ಇಂಥ ಕಡೆ ಪ್ರತಿ ಸಲ ಪಟ್ಟಿ ಯಾಕೆ ಚಿಕ್ಕದಾಗುತ್ತೆ ಅಂತ ಒಂದು ಸಾಲು ಬರೆದಿಡಿ. ಮತ್ತೆ ತಮ್ಮಾ, ಮೊನಾಡ್ (ಹ್ಯಾಸ್ಕೆಲ್‌ನ ಕಷ್ಟದ ವಿಷಯ) ವಿಡಿಯೋ ಈಗಲೇ ನೋಡೋಕೆ ಹೋಗಬೇಡ.

* * *

ಎಲ್ಲರಿಗೂ ಥ್ಯಾಂಕ್ಸ್. ಮಾರ್ಕ್ಸ್ ಹೋದ ಅಸೈನ್‌ಮೆಂಟಿಗೆ ಈಗ ಉದಾಹರಣೆ ಬರೆದು ನೋಡಿದೆ. ಖಾಲಿ ಪಟ್ಟಿ ಕೊಟ್ರೆ ಎರರ್. ರೀವ್ಯಾಲ್ಯುಯೇಷನ್ ಕೇಳೋಕೆ ಹೋಗಲ್ಲ ಬಿಡಿ.